ಒಣದ್ರಾಕ್ಷಿ ಸೋಡಾ ಬ್ರೆಡ್: ಚಪಾತಿಯ ಕೈಯನ್ನು ಮರೆತು ಮಾಡುವ ವಿಧಾನ

ಬ್ರೆಡ್ ಕಲ್ಲಾಯಿತು. ನಡುವೆ ಹಸಿಯಾಗಿಯೇ ಉಳಿಯಿತು. ಸಾಬೂನಿನ ರುಚಿ ಬಂತು. ಐರ್ಲೆಂಡಿನ ಒಣದ್ರಾಕ್ಷಿ ಸೋಡಾ ಬ್ರೆಡ್ಡನ್ನು ಮನೆಯಲ್ಲಿ ಮಾಡಲು ಹೊರಟವರಿಂದ ನನಗೆ ತಿರುತಿರುಗಿ ಬರುವ ದೂರುಗಳು ಈ ಮೂರೇ. ಹೇಗೆ ಮಾಡಿದಿರಿ ಎಂದು ಕೆದಕುತ್ತಾ ಹೋದರೆ ಬಹುಪಾಲು ತಪ್ಪು ಒಂದೇ ಕಡೆ ಸಿಕ್ಕಿಬೀಳುತ್ತದೆ: ಕೈಯಲ್ಲಿ. ಚಪಾತಿ ಹಿಟ್ಟು ನಾದಿ ಪಳಗಿದ ಕೈ ಬೋಗುಣಿಗೆ ಇಳಿಯಿತೆಂದರೆ ತನ್ನ ಅಭ್ಯಾಸವನ್ನು ಬಿಡುವುದಿಲ್ಲ. ನುಣುಪಾಗುವವರೆಗೆ ನಾದುತ್ತದೆ, ಅಂಟಿದರೆ ಇನ್ನಷ್ಟು ಹಿಟ್ಟು ಉದುರಿಸುತ್ತದೆ, ಕೊನೆಗೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ನೆನೆಯಲು ಬಿಡುತ್ತದೆ. ಚಪಾತಿಗೆ ಮೂರೂ ಸರಿ, ಈ ಬ್ರೆಡ್ಡಿಗೆ ಮೂರೂ ವಿಷ.

ಆದ್ದರಿಂದ ಈ ಸಲ ಅಳತೆಗಿಂತ ಹೆಚ್ಚಾಗಿ ಕ್ರಮವನ್ನೇ ಹಿಡಿದು ಬರೆಯುತ್ತಿದ್ದೇನೆ. ಒಮ್ಮೆ ಪೂರ್ತಿ ಓದಿ, ಆಮೇಲೆ ಹಿಟ್ಟಿಗೆ ಕೈ ಹಾಕಿ. ನಡುವೆ ನಿಂತು ಓದಲು ಇಲ್ಲಿ ಪುರಸೊತ್ತು ಸಿಗುವುದಿಲ್ಲ.

ಬೋಗುಣಿಯೊಳಗೆ ನಡೆಯುವುದೇನು

ಅಡಿಗೆ ಸೋಡಾ ಕ್ಷಾರ, ಹುಳಿ ಮೊಸರಿನಲ್ಲಿರುವುದು ಲ್ಯಾಕ್ಟಿಕ್ ಆಮ್ಲ. ಎರಡೂ ಒದ್ದೆಯಾಗಿ ಸೇರಿದ ಕ್ಷಣದಿಂದಲೇ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳತೊಡಗುತ್ತವೆ. ಈಸ್ಟ್ ಆದರೆ ಗಂಟೆಗಟ್ಟಲೆ ಕೆಲಸ ಮಾಡುತ್ತಾ ಕೂರುತ್ತದೆ. ಸೋಡಾ ಹಾಗಲ್ಲ, ತನ್ನಲ್ಲಿರುವುದನ್ನು ಬೇಗನೆ ಖರ್ಚು ಮಾಡಿ ಕೈಚೆಲ್ಲುತ್ತದೆ. ಆ ಗುಳ್ಳೆಗಳು ಹಿಟ್ಟಿನಲ್ಲಿ ಇರುವಾಗಲೇ ಓವನ್ನಿನ ಬಿಸಿ ತಾಗಿ ಹಿಟ್ಟು ಬೆಂದು ನಿಲ್ಲಬೇಕು. ತಡಮಾಡಿದರೆ ಗುಳ್ಳೆ ಹಾರಿಹೋಗುತ್ತದೆ. ನಾದಿದರೆ ಗುಳ್ಳೆ ಒಡೆಯುವುದಲ್ಲದೆ ಮೈದಾದಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಬಲಿತು ಬ್ರೆಡ್ ರಬ್ಬರಿನಂತಾಗುತ್ತದೆ.

ಕರಾವಳಿಯ ಓದುಗರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ: ಗೋಳಿಬಜೆಗೂ ಮೈದಾ, ಹುಳಿ ಮೊಸರು, ಸೋಡಾನೇ ಅಲ್ಲವೇ? ಬನ್ಸ್ ಹಿಟ್ಟನ್ನು ಗಂಟೆಗಟ್ಟಲೆ ಇಟ್ಟರೂ ಉಬ್ಬುವುದಿಲ್ಲವೇ? ಹೌದು. ಆದರೆ ಕಾದ ಎಣ್ಣೆ ಸುತ್ತಲಿಂದ ಒಮ್ಮೆಲೇ ಶಾಖ ಕೊಡುತ್ತದೆ, ಪೂರಿಯಲ್ಲಿ ಆಗುವ ಹಾಗೆ ಒಳಗಿನ ನೀರೇ ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ. ಓವನ್ನಿನ ಒಣ ಗಾಳಿಗೆ, ಅದೂ ನಾಲ್ಕು ಸೆಂಟಿಮೀಟರ್ ದಪ್ಪದ ಮುದ್ದೆಯ ಮೇಲೆ, ಅಷ್ಟು ತಾಕತ್ತಿಲ್ಲ.

ಬೇಕಾದ ಸಲಕರಣೆ

ತಕ್ಕಡಿ ಇರಲಿ. ಒಬ್ಬರ ಮನೆಯ ಲೋಟ ಇನ್ನೊಬ್ಬರ ಮನೆಯ ಲೋಟವಲ್ಲ. ಒತ್ತಿ ತುಂಬಿದ ಮೈದಾಕ್ಕೂ ಉದುರಾಗಿ ತುಂಬಿದ್ದಕ್ಕೂ ತೂಕದಲ್ಲಿ ಬಹಳ ಅಂತರ. ಸೋಡಾಕ್ಕೆ 5 ಮಿಲಿಲೀಟರಿನ ಅಳತೆ ಚಮಚ ಬೇಕೇ ಬೇಕು, ಸಕ್ಕರೆ ಡಬ್ಬಿಯಲ್ಲಿರುವ ಚಮಚ ಸಾಲದು. ಇವುಗಳ ಜೊತೆಗೆ ಸಣ್ಣ ಕಣ್ಣಿನ ಜರಡಿ, ಕೈ ಧಾರಾಳವಾಗಿ ತಿರುಗುವಷ್ಟು ಅಗಲವಾದ ಬೋಗುಣಿ, ಉದ್ದನೆಯ ಹರಿತ ಚಾಕು, ಬ್ರೆಡ್ ಆರಿಸಲು ತಂತಿಯ ಜಾಲರಿ, ಒಗೆದ ಹತ್ತಿ ಬಟ್ಟೆ.

ಓವನ್ನಿನೊಳಗೆ ಇಡುವ ಪುಟ್ಟ ಉಷ್ಣಮಾಪಕ ಸಿಕ್ಕರೆ ತೆಗೆದುಕೊಳ್ಳಿ. ಓಟಿಜಿ ಎಂಬ ಮನೆಬಳಕೆಯ ಸಣ್ಣ ವಿದ್ಯುತ್ ಓವನ್ನುಗಳ ಗುಂಡಿ ಹೇಳುವ ಡಿಗ್ರಿಯೇ ಬೇರೆ, ಒಳಗಿರುವ ಡಿಗ್ರಿಯೇ ಬೇರೆ. ನನ್ನ ಓಟಿಜಿಯ ಗುಂಡಿ 220 ಎಂದರೆ ಒಳಗೆ 195. ಇದು ತಿಳಿಯುವ ಮೊದಲು ಎರಡು ವರ್ಷ ಹಸಿ ಬ್ರೆಡ್ ತಿಂದಿದ್ದೇನೆ.

ಸಾಮಗ್ರಿ ಮತ್ತು ಅಳತೆ

ಮೈದಾ 450 ಗ್ರಾಂ
ಅಡಿಗೆ ಸೋಡಾ 1 ಮಟ್ಟಸ ಚಮಚ, ಅಂದರೆ 5 ಮಿಲಿಲೀಟರ್
ಉಪ್ಪು 1 ಮಟ್ಟಸ ಚಮಚ
ಸಕ್ಕರೆ 1 ದೊಡ್ಡ ಚಮಚ
ಒಣದ್ರಾಕ್ಷಿ 100 ಗ್ರಾಂ
ಹುಳಿ ಮೊಸರು ಸುಮಾರು 300 ಗ್ರಾಂ, ಅದಕ್ಕೆ ಬೆರೆಸಲು 100 ಮಿಲಿಲೀಟರ್ ನೀರು
ಬೆಣ್ಣೆ 25 ಗ್ರಾಂ, ಇಷ್ಟವಿದ್ದರೆ

ಮೈದಾ: ಐರ್ಲೆಂಡಿನಲ್ಲಿ ಈ ಬ್ರೆಡ್ಡಿಗೆ ಬಳಸುವುದು ಪ್ರೋಟೀನ್ ಕಡಿಮೆ ಇರುವ ಮೆದು ಗೋಧಿಯ ಹಿಟ್ಟು. ನಮ್ಮ ಸಾಧಾರಣ ಮೈದಾ ಇದಕ್ಕೆ ಒಗ್ಗುತ್ತದೆ. ‘ಬ್ರೆಡ್ ಹಿಟ್ಟು’ ಎಂದು ದುಬಾರಿ ಬೆಲೆಗೆ ಮಾರುವುದನ್ನು ತರಬೇಡಿ, ಅದರಲ್ಲಿ ಗ್ಲುಟೆನ್ ಜಾಸ್ತಿ. ಗೋಧಿ ಹಿಟ್ಟು ಸೇರಿಸುವ ಆಸೆಯಿದ್ದರೆ ಮೊದಲ ಸಲ 100 ಗ್ರಾಂ ಮೀರದಿರಲಿ. ಚಪಾತಿ ಹಿಟ್ಟು ನುಣ್ಣಗೆ ಬೀಸಿದ್ದರಿಂದ ನೀರನ್ನು ಹೆಚ್ಚು ಕುಡಿಯುತ್ತದೆ, ಮೊಸರು ಮಿಶ್ರಣ ಎರಡು ಮೂರು ಚಮಚ ಜಾಸ್ತಿ ಬೇಕಾಗುತ್ತದೆ.

ಸೋಡಾ: ಅಡಿಗೆ ಸೋಡಾವೇ ಬೇಕು, ಬೇಕಿಂಗ್ ಪೌಡರ್ ಅಲ್ಲ. ಡಬ್ಬಿ ಯಾವಾಗ ತೆರೆದದ್ದು ಎಂದು ನೆನಪಿಲ್ಲದಿದ್ದರೆ ಒಂದು ಚಿಟಿಕೆಯ ಮೇಲೆ ನಿಂಬೆರಸ ಹಿಂಡಿ. ಬುಸ್ಸೆಂದು ನೊರೆ ಉಕ್ಕಿದರೆ ಜೀವ ಇದೆ.

ಮೊಸರು: ಎರಡನೆಯ ದೊಡ್ಡ ಎಡವಟ್ಟು ಇಲ್ಲಿ ಆಗುತ್ತದೆ. ಇಂಗ್ಲಿಷ್ ಪಾಕವಿಧಾನಗಳಲ್ಲಿ ‘ಬಟರ್‌ಮಿಲ್ಕ್’ ಎಂದಿರುವುದನ್ನು ನೋಡಿ ಜನ ನಮ್ಮ ತಿಳಿ ಮಜ್ಜಿಗೆ ಸುರಿಯುತ್ತಾರೆ. ಅಲ್ಲಿ ಅಂಗಡಿಯಲ್ಲಿ ಸಿಗುವ ಬಟರ್‌ಮಿಲ್ಕ್ ದಪ್ಪ, ಹುಳಿ, ಕದಡಿದ ಮೊಸರಿನಂತಿರುತ್ತದೆ. ನಮ್ಮ ಮಜ್ಜಿಗೆಯಲ್ಲಿ ನೀರೇ ಹೆಚ್ಚು, ಹುಳಿ ಸಾಲದು. ಹುಳಿ ಸಾಲದಿದ್ದರೆ ಸೋಡಾ ಪೂರ್ತಿ ಖರ್ಚಾಗಿ ಮುಗಿಯದೆ ಸಾಬೂನಿನ ರುಚಿ ಉಳಿಸುತ್ತದೆ. ಪೊಟ್ಟಣದ ಮಜ್ಜಿಗೆ ತಂದವರೊಬ್ಬರ ಬ್ರೆಡ್ಡಿನಲ್ಲಿ ದ್ರಾಕ್ಷಿಯ ಜೊತೆ ಹಸಿಮೆಣಸು, ಕರಿಬೇವು, ಇಂಗು ಎಲ್ಲವೂ ಇದ್ದವು. ಅವರ ಮಾವನವರಿಗೆ ಅದು ಬಹಳ ಹಿಡಿಸಿತಂತೆ, ಅದು ಬೇರೆ ಮಾತು.

ನಿನ್ನೆ ಹೆಪ್ಪು ಹಾಕಿ ಚೆನ್ನಾಗಿ ಹುಳಿ ಬಂದ ಗಟ್ಟಿ ಮೊಸರನ್ನು ಕಡೆದು, ನೀರು ಬೆರೆಸಿ, ಚಮಚದಿಂದ ಎತ್ತಿ ಬಿಟ್ಟರೆ ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಇಳಿಯುವಂತೆ ಮಾಡಿಕೊಳ್ಳಿ. ಒಟ್ಟು 400 ಮಿಲಿಲೀಟರ್ ಸಿಗಬೇಕು. ಮೊಸರು ಸಪ್ಪೆಯಾಗಿದ್ದರೆ ಒಂದು ದೊಡ್ಡ ಚಮಚ ನಿಂಬೆರಸ ಸೇರಿಸಿ. ಮೊಸರೇ ಇಲ್ಲದ ದಿನ 400 ಮಿಲಿಲೀಟರ್ ಹಾಲಿಗೆ ಒಂದೂವರೆ ದೊಡ್ಡ ಚಮಚ ನಿಂಬೆರಸ ಹಾಕಿ ಹತ್ತು ನಿಮಿಷ ಬಿಟ್ಟರೂ ನಡೆಯುತ್ತದೆ, ರುಚಿ ಮಾತ್ರ ಒಂದು ಕೈ ಕಡಿಮೆ.

ಒಣದ್ರಾಕ್ಷಿ: ವಿಜಯಪುರದ ಕಡೆಯ ಹಸಿರು ಛಾಯೆಯ ಉದ್ದ ದ್ರಾಕ್ಷಿಯೂ ಆಗುತ್ತದೆ, ಕಪ್ಪು ದ್ರಾಕ್ಷಿಯೂ ಆಗುತ್ತದೆ. ಐರ್ಲೆಂಡಿನ ಮನೆಗಳಲ್ಲಿ ಇದಕ್ಕೆ ‘ಸ್ಪಾಟೆಡ್ ಡಾಗ್’, ಅಂದರೆ ಚುಕ್ಕೆ ನಾಯಿ, ಎಂಬ ಅಡ್ಡಹೆಸರೂ ಇದೆ. ಚುಕ್ಕೆ ಎದ್ದು ಕಾಣಬೇಕೆಂದರೆ ಕಪ್ಪು ದ್ರಾಕ್ಷಿ ಹಾಕಿ. ಟೂಟಿಫ್ರೂಟಿ ಬೇಡ, ಒದ್ದೆ ಹಿಟ್ಟಿನಲ್ಲಿ ಬಣ್ಣ ಬಿಟ್ಟು ಬ್ರೆಡ್ಡನ್ನು ಹೋಳಿ ಆಡಿದ ಅಂಗಿಯಂತೆ ಮಾಡುತ್ತದೆ.

ಹಂತ 1: ದ್ರಾಕ್ಷಿಯನ್ನು ನೆನೆಸಿ, ಒರೆಸಿ

ಬೆಚ್ಚನೆಯ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ಸೋಸಿ, ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ. ಒಣಗಿದ ದ್ರಾಕ್ಷಿಯನ್ನು ಹಾಗೆಯೇ ಹಾಕಿದರೆ ಅದು ಹಿಟ್ಟಿನ ನೀರನ್ನೇ ಹೀರುತ್ತದೆ. ನೀರು ತೊಟ್ಟಿಕ್ಕುವಂತೆ ಹಾಕಿದರೆ ಸುತ್ತಲೂ ಅಂಟಂಟು ಗೂಡು ಉಳಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಬಳಸಿ.

ಹಂತ 2: ಓವನ್ ಮೊದಲು, ಹಿಟ್ಟು ಆಮೇಲೆ

220 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಮೇಲಿನ ಕೆಳಗಿನ ಎರಡೂ ಸರಳುಗಳನ್ನು ಹಾಕಿ, ಕನಿಷ್ಠ ಇಪ್ಪತ್ತು ನಿಮಿಷ ಕಾಯಿಸಿ. ಫ್ಯಾನ್ ಇರುವ ಓವನ್ನಾದರೆ 200 ಸಾಕು. ತಟ್ಟೆ ಕೂರುವ ಜಾಲರಿಯನ್ನು ನಡುವಿಗಿಂತ ಒಂದು ಮೆಟ್ಟಿಲು ಕೆಳಗೆ ಇಡಿ, ಏಕೆಂದರೆ ಸಣ್ಣ ಓವನ್ನಿನಲ್ಲಿ ಉಬ್ಬಿದ ಬ್ರೆಡ್ಡಿನ ತಲೆ ಮೇಲಿನ ಸರಳಿಗೆ ತೀರಾ ಹತ್ತಿರವಾಗಿ ಕಪ್ಪಾಗುತ್ತದೆ.

ಓವನ್ ಕಾಯುವ ಮೊದಲೇ ಹಿಟ್ಟು ಒದ್ದೆ ಮಾಡುವುದು ಈ ಕೆಲಸದಲ್ಲಿ ಕ್ಷಮೆಯಿಲ್ಲದ ತಪ್ಪು. ತಟ್ಟೆಗೆ ತೆಳ್ಳಗೆ ಹಿಟ್ಟು ಉದುರಿಸಿ, ಚಾಕು, ಬಟ್ಟೆ ಎಲ್ಲವನ್ನೂ ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ.

ಹಂತ 3: ಒಣ ಸಾಮಗ್ರಿಯನ್ನು ಜರಡಿ ಹಿಡಿಯಿರಿ

ಸೋಡಾವನ್ನು ಮೊದಲು ಅಂಗೈಯಲ್ಲಿ ಹಾಕಿಕೊಂಡು ಚಮಚದ ಬೆನ್ನಿನಿಂದ ಅರೆದು ಗಂಟು ಒಡೆಯಿರಿ. ಆಮೇಲೆ ಮೈದಾ, ಉಪ್ಪು, ಸೋಡಾ ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಇಷ್ಟು ಮಾತ್ರದ ಕೆಲಸ ಎಂದು ಉದಾಸೀನ ಮಾಡಬೇಡಿ. ನನ್ನ ಮೊದಲ ಬ್ರೆಡ್ಡನ್ನು ಕೊಯ್ದಾಗ ಬಿಳಿ ತಿರುಳಿನ ನಡುವೆ ಸಾಸಿವೆ ಗಾತ್ರದ ಹಳದಿಗಂದು ಚುಕ್ಕೆಗಳಿದ್ದವು. ದ್ರಾಕ್ಷಿಯ ಚೂರಿರಬೇಕೆಂದು ಕಚ್ಚಿದೆ. ನಾಲಿಗೆ ಚುರ್ರೆಂದು, ಬಟ್ಟೆ ಸೋಪು ನೆಕ್ಕಿದಂತಾಗಿ, ಸಿಂಕಿನ ಬಳಿಗೆ ಓಡಿದೆ. ಅದು ಒಡೆಯದೆ ಉಳಿದ ಸೋಡಾ ಗಂಟು.

ಬೆಣ್ಣೆ ಹಾಕುವವರು ತಣ್ಣನೆಯ ಬೆಣ್ಣೆಯನ್ನು ಈಗ ಬೆರಳ ತುದಿಯಿಂದ ಹಿಟ್ಟಿಗೆ ಉಜ್ಜಿ ರವೆಯಂತೆ ಮಾಡಿ. ಸಕ್ಕರೆ, ದ್ರಾಕ್ಷಿ ಸೇರಿಸಿ ಕೈಯಾಡಿಸಿ, ಪ್ರತಿ ದ್ರಾಕ್ಷಿಗೂ ಹಿಟ್ಟಿನ ಪುಡಿ ಹತ್ತಲಿ. ನಡುವೆ ಅಗಲವಾದ ಗುಳಿ ಮಾಡಿ.

ಹಂತ 4: ಒದ್ದೆ ಮಾಡುವ ಎರಡು ನಿಮಿಷ

ಇಡೀ ಕೆಲಸದ ಜೀವ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊಸರು ಮಿಶ್ರಣದಲ್ಲಿ ಸುಮಾರು 50 ಮಿಲಿಲೀಟರ್ ಹಿಡಿದಿಟ್ಟುಕೊಂಡು ಉಳಿದದ್ದನ್ನು ಒಂದೇ ಸಲಕ್ಕೆ ಗುಳಿಗೆ ಸುರಿಯಿರಿ. ಚಪಾತಿ ಹಿಟ್ಟಿಗೆ ಮಾಡುವಂತೆ ಚೂರು ಚೂರೇ ಚಿಮುಕಿಸುತ್ತಾ ಹೋದರೆ ಕೈ ಅನಗತ್ಯವಾಗಿ ಹತ್ತು ಸಲ ತಿರುಗುತ್ತದೆ.

ಒಂದೇ ಕೈ ಬಳಸಿ. ಬೆರಳುಗಳನ್ನು ಅಗಲಿಸಿ, ಗಟ್ಟಿಯಾಗಿ ಬಾಗಿಸಿ, ಹದ್ದಿನ ಉಗುರಿನಂತೆ ಹಿಡಿಯಿರಿ. ನಡುವಿನಿಂದ ಆರಂಭಿಸಿ ದೊಡ್ಡದಾಗುತ್ತಾ ಹೋಗುವ ಸುತ್ತು ಹಾಕಿ, ಅಂಚಿನ ಹಿಟ್ಟನ್ನು ಎಳೆದುಕೊಳ್ಳಿ. ಮುಷ್ಟಿ ಕಟ್ಟಬೇಡಿ, ಅಂಗೈಯ ಬುಡ ಹಿಟ್ಟಿಗೆ ತಾಗಲೇಬಾರದು. ಏಳೆಂಟು ಸುತ್ತಿಗೆ ಹಿಟ್ಟು ಒಂದುಗೂಡುತ್ತದೆ. ತಳದಲ್ಲಿ ಒಣ ಹಿಟ್ಟು ಉಳಿದಿದ್ದರೆ ಮಾತ್ರ ಹಿಡಿದಿಟ್ಟ ಮೊಸರನ್ನು ಅಲ್ಲಿಗೇ ಸುರಿಯಿರಿ. ಮೈದಾ ಕುಡಿಯುವ ಪ್ರಮಾಣ ದಿನದಿಂದ ದಿನಕ್ಕೆ, ಪೊಟ್ಟಣದಿಂದ ಪೊಟ್ಟಣಕ್ಕೆ ಬದಲಾಗುತ್ತದೆ, ಹಾಗಾಗಿ ಅಳತೆಗಿಂತ ಹದವನ್ನು ನಂಬಿ.

ಹದ ಯಾವುದು? ಗೋಳಿಬಜೆ ಹಿಟ್ಟಿಗಿಂತ ಗಟ್ಟಿ, ಬನ್ಸ್ ಹಿಟ್ಟಿಗಿಂತ ಮೆದು. ಮೇಲ್ಮೈ ಒರಟು, ಅಲ್ಲಲ್ಲಿ ಕಿತ್ತುಹೋದಂತೆ. ಬೆರಳಿಗೆ ಅಂಟುತ್ತದೆ, ಬೋಗುಣಿಯನ್ನು ವಾಲಿಸಿದರೆ ಹರಿಯುವುದಿಲ್ಲ, ಸೋಮಾರಿಯಂತೆ ಜಾರುತ್ತದೆ. ಕಣ್ಣಿಗೆ ‘ಇದು ಇನ್ನೂ ಆಗಿಲ್ಲ’ ಎನಿಸುವ ಹೊತ್ತೇ ಆಗಿರುವ ಹೊತ್ತು. ಕೈ ಹಿಂದಕ್ಕೆ ತೆಗೆಯಿರಿ.

ಎಚ್ಚರಿಕೆಯ ಗುರುತು: ಹಿಟ್ಟು ನುಣುಪಾಗಿ, ಒತ್ತಿದರೆ ಸ್ಪ್ರಿಂಗಿನಂತೆ ಹಿಂದಕ್ಕೆ ಬಂದರೆ ನೀವು ನಾದಿದ್ದೀರಿ. ಇನ್ನು ಸರಿಪಡಿಸಲು ದಾರಿಯಿಲ್ಲ. ಹಿಟ್ಟು ದಂಡವಾಗದಿರಲೆಂದು ಕೊನೆಯಲ್ಲಿ ಹೇಳಿರುವ ಕಾವಲಿಯ ವಿಧಾನಕ್ಕೆ ತೆಳ್ಳಗೆ ತಟ್ಟಿ ಬಳಸಿಕೊಳ್ಳಿ.

ಹಂತ 5: ಆಕಾರ ಕೊಟ್ಟು ಗೀರುವುದು

ಕಟ್ಟೆಯ ಮೇಲೆ ಹಿಟ್ಟು ಉದುರಿಸಿ ಮುದ್ದೆಯನ್ನು ಹೊರಳಿಸಿ. ಕೈ ತೊಳೆದು ಒರೆಸಿ, ಒಣ ಹಿಟ್ಟು ಸವರಿಕೊಳ್ಳಿ. ಅಂಚುಗಳನ್ನು ಒಳಕ್ಕೆ ಮಡಚಿ, ತಿರುವಿ, ಎರಡೂ ಅಂಗೈಗಳಿಂದ ಮೆಲ್ಲಗೆ ದುಂಡಗೆ ಮಾಡಿ. ಅಕ್ಕಿರೊಟ್ಟಿ ತಟ್ಟುವಷ್ಟೂ ಒತ್ತಡ ಬೇಡ. ಅಗಲ 18ರಿಂದ 20 ಸೆಂಟಿಮೀಟರ್, ಎತ್ತರ ಸುಮಾರು 4 ಸೆಂಟಿಮೀಟರ್ ಇರಲಿ. ಎತ್ತರ ಇದಕ್ಕಿಂತ ಹೆಚ್ಚಾದರೆ ನಡುಭಾಗ ಬೇಯುವುದಿಲ್ಲ. ಹಿಟ್ಟು ಹರಡಿಹೋಗುವ ಭಯವಿದ್ದರೆ 20 ಸೆಂಟಿಮೀಟರಿನ ಕೇಕ್ ಅಚ್ಚಿನಲ್ಲಿ ಇಡಿ, ಅದರಲ್ಲಿ ನಾಚಿಕೆಯೇನಿಲ್ಲ.

ಮೇಲೆ ತಲೆ ಹೊರಗಿಟ್ಟ ದ್ರಾಕ್ಷಿಗಳನ್ನು ಒಳಕ್ಕೆ ಒತ್ತಿ ಅಥವಾ ಕಿತ್ತು ಬಾಯಿಗೆ ಹಾಕಿಕೊಳ್ಳಿ. ಅಲ್ಲೇ ಬಿಟ್ಟರೆ ಅವು ಕರಕಲಾಗಿ ಕಹಿಯಾಗುತ್ತವೆ.

ಈಗ ಚಾಕುವಿಗೆ ಹಿಟ್ಟು ಸವರಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಅಧಿಕ ಚಿಹ್ನೆಯಂತೆ ಎರಡು ಗೀರು ಹಾಕಿ. ಆಳ ಮುದ್ದೆಯ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗದಿರಲಿ. ಅಂಜಿ ಉಗುರು ಗೀರಿದಂತೆ ಮಾಡಿದರೆ ಓವನ್ನಿನಲ್ಲಿ ಮುಚ್ಚಿಕೊಂಡುಬಿಡುತ್ತದೆ. ಈ ಗೀರು ಬರೀ ಅಲಂಕಾರವಲ್ಲ. ಬಿಸಿ ದಪ್ಪ ನಡುಭಾಗಕ್ಕೆ ಇಳಿಯುವುದು ಇದರ ಮೂಲಕ. ನಾಲ್ಕು ಕಾಲುಭಾಗಗಳಿಗೂ ಚಾಕುವಿನ ತುದಿಯಿಂದ ಒಂದೊಂದು ಸಲ ಚುಚ್ಚಿ. ಒಳಗಿರುವ ಯಕ್ಷಿಣಿಯರು ಹೊರಗೆ ಹೋಗಲಿ ಎಂದು ಐರ್ಲೆಂಡಿನಲ್ಲಿ ತಮಾಷೆಗೆ ಹೇಳುತ್ತಾರೆ.

ಮೊಸರು ಸುರಿದಲ್ಲಿಂದ ಇಲ್ಲಿಯವರೆಗೆ ಐದು ನಿಮಿಷ ಮೀರಬಾರದು.

ಹಂತ 6: ಬೇಯಿಸುವುದು

220 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 200ಕ್ಕೆ ಇಳಿಸಿ 25ರಿಂದ 30 ನಿಮಿಷ. ಫ್ಯಾನ್ ಓವನ್ನಿನಲ್ಲಿ ಎರಡನ್ನೂ 20 ಡಿಗ್ರಿ ಕಡಿಮೆ ಮಾಡಿ. ಮೊದಲ ಕಾಲು ಗಂಟೆ ಬಾಗಿಲು ತೆರೆಯಬೇಡಿ, ಉಬ್ಬುವುದೆಲ್ಲ ಆ ಹೊತ್ತಿನಲ್ಲಿಯೇ. ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಮೇಲೆ ಬಣ್ಣ ವಿಪರೀತವಾಗಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ. ದ್ರಾಕ್ಷಿ, ಸಕ್ಕರೆ ಇರುವುದರಿಂದ ಇದು ಸಾದಾ ಸೋಡಾ ಬ್ರೆಡ್ಡಿಗಿಂತ ಬೇಗ ಕೆಂಪಾಗುತ್ತದೆ. ಬಣ್ಣ ನೋಡಿ ಬೆಂದಿದೆ ಎಂದುಕೊಂಡರೆ ಮೋಸಹೋಗುತ್ತೀರಿ.

ಬೆಂದಿದೆಯೇ ಎಂದು ತಿಳಿಯಲು ಬ್ರೆಡ್ಡನ್ನು ಬಟ್ಟೆಯಲ್ಲಿ ಹಿಡಿದು ಮಗುಚಿ, ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಹಲಸಿನಕಾಯಿ ಬಲಿತಿದೆಯೇ ಎಂದು ನೋಡುವ ಹಾಗೆ. ಟೊಳ್ಳು ಡಬ್ಬಿಯ ಸದ್ದು ಬಂದರೆ ಸರಿ. ಒದ್ದೆ ಮಣ್ಣು ತಟ್ಟಿದಂತೆ ದಬ್ ಎಂದರೆ, ಹಾಗೆಯೇ ಮಗುಚಿದ ಸ್ಥಿತಿಯಲ್ಲಿ ಮತ್ತೆ ಐದರಿಂದ ಎಂಟು ನಿಮಿಷ ಒಳಗಿಡಿ, ತಳ ಗರಿಯಾಗುತ್ತದೆ. ಆಹಾರದ ಉಷ್ಣಮಾಪಕ ಇರುವವರು ನಡುವೆ ಚುಚ್ಚಿ ನೋಡಬಹುದು, ಸುಮಾರು 95 ಡಿಗ್ರಿ ತೋರಿಸಬೇಕು.

ಹಂತ 7: ಆರಿಸುವುದು

ತಂತಿ ಜಾಲರಿಯ ಮೇಲೆ ಇಡಿ. ತಟ್ಟೆಯಲ್ಲಿಯೇ ಬಿಟ್ಟರೆ ತಳ ಬೆವರಿ ಒದ್ದೆಯಾಗುತ್ತದೆ. ಹೊರಪದರ ಗರಿಯಾಗಿರಬೇಕೆಂದರೆ ಹಾಗೆಯೇ ಬಿಡಿ, ಮೆತ್ತಗಿರಬೇಕೆಂದರೆ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮನೆಯಲ್ಲಿ ಹಲ್ಲಿಲ್ಲದ ಹಿರಿಯರು ಇದ್ದರೆ ಎರಡನೆಯದೇ ಕ್ಷೇಮ. ಕನಿಷ್ಠ ಮುಕ್ಕಾಲು ಗಂಟೆ ಕೊಯ್ಯಬೇಡಿ. ಬಿಸಿಯಲ್ಲಿ ಕೊಯ್ದ ಬ್ರೆಡ್ಡಿನ ತಿರುಳು ಚಾಕುವಿಗೆ ಮೆತ್ತಿಕೊಳ್ಳುತ್ತದೆ, ಚೆನ್ನಾಗಿ ಬೆಂದದ್ದೂ ಹಸಿಯಂತೆ ಕಾಣುತ್ತದೆ. ‘ನಡುವೆ ಹಸಿ’ ಎಂಬ ದೂರುಗಳಲ್ಲಿ ಕೆಲವು ಬರೀ ಅವಸರದ ದೂರುಗಳು.

ಕೆಟ್ಟರೆ ಕಾರಣ ಎಲ್ಲಿ ಹುಡುಕಬೇಕು

ತಿರುಳು ಒಟ್ಟಾರೆ ಹಳದಿಗೆ ತಿರುಗಿ ಸಾಬೂನಿನ ವಾಸನೆ ಬಂದರೆ ಸೋಡಾ ಹೆಚ್ಚಾಗಿದೆ ಅಥವಾ ಮೊಸರಿಗೆ ಹುಳಿ ಸಾಲದು. ಗೋಪುರದಂತೆ ತುಂಬಿದ ಚಮಚ ಬಳಸಿದಿರಾ, ಕೇಳಿಕೊಳ್ಳಿ. ಹೆಚ್ಚು ಸೋಡಾ ಹಾಕಿದರೆ ಹೆಚ್ಚು ಉಬ್ಬುತ್ತದೆ ಎಂಬುದು ಸುಳ್ಳು; ಹುಳಿ ಇರುವಷ್ಟಕ್ಕೇ ಅದರ ಆಟ.

ತಟ್ಟೆಯಂತೆ ಹರಡಿಕೊಂಡಿದ್ದರೆ ಮೊಸರು ಮಿಶ್ರಣ ಜಾಸ್ತಿಯಾಗಿದೆ ಅಥವಾ ಓವನ್ ಕಾದಿರಲಿಲ್ಲ. ಹಿಟ್ಟು ಸರಿಯಾಗಿದ್ದೂ ಉಬ್ಬದಿದ್ದರೆ ಸೋಡಾ ಹಳೆಯದು, ಅಥವಾ ಮೊಸರು ಹಾಕಿದ ಮೇಲೆ ಯಾರೋ ಬಾಗಿಲು ತಟ್ಟಿದರು. ತಿರುಳು ಬಿಗಿಯಾಗಿ, ಹರಿದರೆ ನಾರು ನಾರಾಗಿ ಎಳೆದರೆ, ಹಂತ 4ಕ್ಕೆ ಹಿಂದಿರುಗಿ ಓದಿ. ಹೊರಗೆ ಕರಕಲು, ಒಳಗೆ ಹಸಿ ಎಂದಾದರೆ ಗೀರು ಆಳ ಸಾಲದು ಅಥವಾ ಜಾಲರಿ ತೀರಾ ಮೇಲಿದೆ.

ಮಾರನೆಯ ದಿನ ಗಟ್ಟಿಯಾಯಿತು ಎಂಬುದು ದೋಷವಲ್ಲ. ಈ ಬ್ರೆಡ್ ಮಾಡಿದ ದಿನವೇ ತಿನ್ನಲು ಇರುವಂಥದ್ದು. ಎರಡನೆಯ ದಿನ ಹೋಳು ಮಾಡಿ ಕಾವಲಿಯ ಮೇಲೆ ಎರಡೂ ಬದಿ ಸುಟ್ಟು, ಉಪ್ಪಿರುವ ಬೆಣ್ಣೆ ಸವರಿ. ನನಗೆ ಮೊದಲ ದಿನಕ್ಕಿಂತ ಇದೇ ಇಷ್ಟ. ಹೆಚ್ಚು ದಿನ ಇಡಬೇಕಾದರೆ ಹೋಳು ಮಾಡಿಯೇ ಫ್ರೀಜರಿನಲ್ಲಿಡಿ.

ಓವನ್ ಇಲ್ಲದವರಿಗೆ: ಕಾವಲಿಯ ಸೋಡಾ ಬ್ರೆಡ್

ಕುಕ್ಕರಿನಲ್ಲಿ ಉಪ್ಪು ಹಾಸಿ ಮಾಡಬಹುದೇ ಎಂದು ಕೇಳುತ್ತಾರೆ. ಬೇಯುತ್ತದೆ, ಆದರೆ ಮೇಲೆ ಬಣ್ಣ ಬರದೆ ಇಡ್ಲಿಯ ಅಣ್ಣನಂತೆ ಕಾಣುತ್ತದೆ. ಅದಕ್ಕಿಂತ ಉತ್ತರ ಐರ್ಲೆಂಡಿನವರ ದಾರಿ ಹಿಡಿಯುವುದು ಲೇಸು. ಅವರು ಇದೇ ಹಿಟ್ಟನ್ನು ಕಾವಲಿಯ ಮೇಲೆ ಸುಡುತ್ತಾರೆ, ನಾಲ್ಕು ತುಂಡು ಮಾಡಿದ ಅದಕ್ಕೆ ‘ಫಾರ್ಲ್’ ಎನ್ನುತ್ತಾರೆ.

ಮೇಲಿನ ಅಳತೆಯ ಅರ್ಧ ತೆಗೆದುಕೊಳ್ಳಿ, ದ್ರಾಕ್ಷಿಯನ್ನು ಚಿಕ್ಕದಾಗಿ ಹೆಚ್ಚಿ ಹಾಕಿ. ದಪ್ಪ ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಒಂದು ಚಿಟಿಕೆ ಹಿಟ್ಟು ಉದುರಿಸಿ. ಅದು ನಿಧಾನವಾಗಿ ತಿಳಿಗಂದು ಬಣ್ಣಕ್ಕೆ ತಿರುಗಿದರೆ ಹದ ಸರಿ, ತಕ್ಷಣ ಕಪ್ಪಾದರೆ ಉರಿ ಜಾಸ್ತಿ. ಎಣ್ಣೆ ಬೇಡ. ಹಿಟ್ಟನ್ನು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ದುಂಡಗೆ ತಟ್ಟಿ, ನಾಲ್ಕಾಗಿ ಕತ್ತರಿಸಿ, ನಡುವೆ ಒಂದು ಬೆರಳು ಜಾಗ ಬಿಟ್ಟು ಇಡಿ. ಒಂದೊಂದು ಬದಿಗೆ ಎಂಟರಿಂದ ಹತ್ತು ನಿಮಿಷ, ಒಂದೇ ಸಲ ಮಗುಚಬೇಕು. ರೊಟ್ಟಿಯಂತೆ ಬಟ್ಟೆಯಿಂದ ಒತ್ತಬೇಡಿ, ಗುಳ್ಳೆಯೆಲ್ಲ ಹೋಗಿಬಿಡುತ್ತದೆ.

ಎರಡೂ ಬದಿ ಆದ ಮೇಲೂ ಕತ್ತರಿಸಿದ ಪಕ್ಕಗಳಲ್ಲಿ ಬಿಳಿ ಹಸಿ ಗೆರೆ ಉಳಿದಿರುತ್ತದೆ. ತುಂಡುಗಳನ್ನು ಒಂದಕ್ಕೊಂದು ಆನಿಸಿ ಕಾವಲಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಪ್ರತಿ ಪಕ್ಕಕ್ಕೂ ಒಂದೊಂದು ನಿಮಿಷ ಕೊಡಿ. ಆ ಗೆರೆ ಒಣಗಿ ಮಾಯವಾದ ಮೇಲೆ ಇಳಿಸಿ, ಬಟ್ಟೆಯಲ್ಲಿ ಸುತ್ತಿಡಿ.